ಅಡಿಕೆ ತೋಟ ಬಿಟ್ಟು ಬೆಂಗಳೂರಿನ ಆರನೇ ಮಹಡಿಗೆ ಬಂದ ಮಾವನವರಿಗೆ ಗಿಡಮರಗಳ ಒಡನಾಟ ಒದಗಿಸುವುದು ಹೇಗೆ?

ಪ್ರಶ್ನೆ (ತುಂಗಾತೀರದ ಸೊಸೆ):
ನಮ್ಮ ಮಾವನವರಿಗೆ ಈಗ 78 ವರ್ಷ. ತೀರ್ಥಹಳ್ಳಿ ಕಡೆಯ ತೋಟದಲ್ಲೇ ಬಾಳಿದವರು. ಅತ್ತೆಯವರು ತೀರಿಕೊಂಡ ಮೇಲೆ ಒಬ್ಬರನ್ನೇ ಊರಿನಲ್ಲಿ ಬಿಡಲು ಮನಸ್ಸಾಗದೆ ಬೆಂಗಳೂರಿಗೆ ಕರೆತಂದಿದ್ದೇವೆ. ಮಂಡಿನೋವು ಮತ್ತು ರಕ್ತದೊತ್ತಡವನ್ನು ಬಿಟ್ಟರೆ ಆರೋಗ್ಯ ಚೆನ್ನಾಗಿಯೇ ಇದೆ. ಆದರೆ ಹಗಲೆಲ್ಲ ಟಿ.ವಿ. ಎದುರು ತೂಕಡಿಸುತ್ತಾರೆ, ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಾರೆ, ಮಾತು ಬಹಳ ಕಡಿಮೆಯಾಗಿದೆ. ಬಾಲ್ಕನಿಯಲ್ಲಿ ನರ್ಸರಿಯಿಂದ ತಂದ ಅಲಂಕಾರದ ಗಿಡಗಳನ್ನು ಇಟ್ಟೆವು. ಅವರು ಅವುಗಳತ್ತ ತಿರುಗಿಯೂ ನೋಡಲಿಲ್ಲ; ಕೇಳಿದರೆ, "ಇದೆಲ್ಲ ಎಂತಕ್ಕೆ ಬರ್ತದೆ ಮಾರಾಯ್ತಿ" ಎಂದುಬಿಟ್ಟರು. ಹಸಿರಿನ ನಡುವೆ ಇದ್ದರೆ ವಯಸ್ಸಾದವರ ಆರೋಗ್ಯ ಸುಧಾರಿಸುತ್ತದೆ ಎಂಬ ಮಾತಿಗೆ ನಿಜವಾದ ಆಧಾರವಿದೆಯೇ? ಇದ್ದರೆ, ಫ್ಲ್ಯಾಟಿನಲ್ಲಿ ಇರುವ ನಾವು ಏನು ಮಾಡಬಹುದು?

ಉತ್ತರ (ನಿವೃತ್ತ ಶುಶ್ರೂಷಕಿ, ಮೈಸೂರು):
ಮೊದಲು ನಿದ್ದೆಯ ವಿಷಯ ಹೇಳುತ್ತೇನೆ, ಏಕೆಂದರೆ ಅದು ಸರಿಹೋದರೆ ಉಳಿದದ್ದರಲ್ಲಿ ಎಷ್ಟೋ ತಾನಾಗಿ ಸರಿಹೋಗುತ್ತದೆ. ಹಗಲು ಯಾವುದು, ರಾತ್ರಿ ಯಾವುದು ಎಂಬುದನ್ನು ನಮ್ಮ ಮಿದುಳು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕಿನಿಂದ ತಿಳಿದುಕೊಳ್ಳುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ, ಈ ಕೆಲಸಕ್ಕೆ ಬೇಕಾದ ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಆದ್ದರಿಂದ ಹಿರಿಯರಿಗೆ ನಮಗಿಂತ ಹೆಚ್ಚು ಬೆಳಕು ಬೇಕು. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆಯ ಮಾನ) ಮಾತ್ರ, ಆದರೆ ಮೋಡ ಕವಿದ ದಿನದಲ್ಲೂ ಹೊರಗೆ ಅದು ಸಾವಿರಗಳಲ್ಲಿರುತ್ತದೆ. ಬೆಳಗಿನ ಕಾಫಿಯಾದ ಕೂಡಲೇ ಅವರನ್ನು ಕೆಳಗೆ ಕರೆದೊಯ್ದು ಅರ್ಧ ಗಂಟೆ ಮರಗಳ ನಡುವೆ ಕೂರಿಸಿದರೂ ಸಾಕು, ನಡೆಯಲೇಬೇಕೆಂದಿಲ್ಲ.

ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಬೇರೆಯೇ ಮಾತು. ಅದಕ್ಕೆ ಬೇಕಾದ ಕಿರಣಗಳು ಬಿಸಿಲು ಏರಿದ ಮೇಲೆಯೇ ಹೆಚ್ಚಾಗಿ ಸಿಗುತ್ತವೆ, ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ, ಮತ್ತು ವಯಸ್ಸಾದ ಚರ್ಮ ಅದನ್ನು ಮೊದಲಿನಷ್ಟು ತಯಾರಿಸುವುದೂ ಇಲ್ಲ. ಹಾಗಾಗಿ ಬಿಸಿಲನ್ನೇ ನಂಬಿಕೊಳ್ಳದೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ.

ಉತ್ತರ (ಹಿತ್ತಿಲು):
ಆಧಾರವಿದೆಯೇ ಎಂದು ಕೇಳಿದ್ದೀರಿ. 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಅವರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ತುಸು ಬೇಗ ಮನೆಗೆ ಹೋದರು, ಪ್ರಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. ಆದರೆ ಅದು ಕೇವಲ 23 ಜೋಡಿ ರೋಗಿಗಳ ಹೋಲಿಕೆ, ಅವರೆಲ್ಲ ವೃದ್ಧರೂ ಅಲ್ಲ. ಹಿರಿಯರ ಬಗ್ಗೆಯೇ ಹೇಳುವುದಾದರೆ, ಟೋಕಿಯೊದ ಮೂರು ಸಾವಿರಕ್ಕೂ ಹೆಚ್ಚು ವೃದ್ಧರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವಿದೆ: ಮನೆಯ ಹತ್ತಿರ ನಡೆದಾಡಲು ಮರಗಳಿರುವ ಬೀದಿ, ಉದ್ಯಾನಗಳು ಇದ್ದವರು ಬದುಕುಳಿಯುವ ಸಾಧ್ಯತೆ ಹೆಚ್ಚಾಗಿತ್ತು. ಇಂಥ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ ಎಂಬುದು ನಿಜ, ಆದರೂ ಇದನ್ನು ತಳ್ಳಿಹಾಕುವಂತಿಲ್ಲ.

ನಿಮ್ಮ ಮಾವನವರ ಮಾತಿಗೆ ಹತ್ತಿರವಾದದ್ದು ಇನ್ನೊಂದು. 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅವರು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಎರಡು ಮಹಡಿಗಳ ನಿವಾಸಿಗಳಿಗೂ ಗಿಡಗಳನ್ನು ಕೊಟ್ಟರು. ಒಂದು ಮಹಡಿಯವರು ತಮಗೆ ಬೇಕಾದ ಗಿಡವನ್ನು ತಾವೇ ಆರಿಸಿಕೊಂಡು ತಾವೇ ನೀರು ಹಾಕಬೇಕಿತ್ತು. ಇನ್ನೊಂದು ಮಹಡಿಯಲ್ಲಿ ಗಿಡ ಕೊಟ್ಟವರು, ನೋಡಿಕೊಳ್ಳುವವರು ಎಲ್ಲ ಸಿಬ್ಬಂದಿಯೇ. ಮೊದಲನೆಯವರಿಗೆ ದಿನಚರಿಯ ಬೇರೆ ಕೆಲವು ಆಯ್ಕೆಗಳನ್ನೂ ಕೊಟ್ಟಿದ್ದರಿಂದ ಎಲ್ಲವೂ ಗಿಡದ ಮಹಿಮೆ ಎನ್ನಲಾಗದು, ಆದರೆ ಕೆಲವೇ ವಾರಗಳಲ್ಲಿ ಅವರು ಹೆಚ್ಚು ಚುರುಕಾದರು, ಹೆಚ್ಚು ಉಲ್ಲಾಸದಿಂದ ಇದ್ದರು.

ಜೀವನವಿಡೀ ತೋಟ ಮಾಡಿದವರಿಗೆ ನೋಡಲಿಕ್ಕಷ್ಟೇ ಇಟ್ಟ ಗಿಡ ಹಿಡಿಸುವುದಿಲ್ಲ. ಅವರಿಗೆ ಕೆಲಸ ಬೇಕು, ಫಲ ಬೇಕು, ತಮ್ಮ ತಿಳಿವಳಿಕೆಗೆ ಬೆಲೆ ಬೇಕು. ದೊಡ್ಡಪತ್ರೆಯ ಕಡ್ಡಿ, ಅಗಲವಾದ ಟ್ರೇಯಲ್ಲಿ ಒಂದೆಲಗ, ಗ್ರಿಲ್ಲಿಗೆ ಹಬ್ಬಿಸಲು ಬಸಳೆ ತನ್ನಿ. ನಾಳೆ ತಂಬುಳಿಗೆ ಎಲೆ ಬೇಕೆಂದು ಅವರನ್ನೇ ಕೇಳಿ. ಅಡಿಕೆಯ ಜೊತೆ ಮೆಣಸು ಬೆಳೆದವರಾದರೆ ಬುಷ್ ಪೆಪ್ಪರ್ ಇನ್ನೂ ಒಳ್ಳೆಯದು: ಗೆರೆ (ಮೆಣಸಿನ ಗೊಂಚಲು) ಬಿಡುವ ಅಡ್ಡಕೊಂಬೆಯಿಂದ ಮಾಡಿದ ಆ ಗಿಡ ಮರ ಹತ್ತದೆ ಕುಂಡದಲ್ಲೇ ಪೊದೆಯಾಗಿ ಕಾಯಿ ಬಿಡುತ್ತದೆ, ಅರೆನೆರಳೂ ಸಾಕು. ಮಣ್ಣು, ಗೊಬ್ಬರ, ನೀರಿನ ಪ್ರಮಾಣ ಅವರ ತೀರ್ಮಾನಕ್ಕೇ ಬಿಡಿ. ಅವರು ಹಾಕಿದ ನೀರು ಹೆಚ್ಚಾಯಿತು ಎನಿಸಿದರೂ ದಯವಿಟ್ಟು ಕೈಹಾಕಬೇಡಿ.

ಉತ್ತರ (ಕೆರೆ ಏರಿ):
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಬಾಲ್ಕನಿಗೇ ನಿಲ್ಲಿಸಬೇಡಿ. ನಮ್ಮ ತಾಯಿಗೆ ಮರೆವಿನ ಕಾಯಿಲೆ. ಗಿಡ ನೋಡಿಕೊಳ್ಳುವ ಜವಾಬ್ದಾರಿ ಅವರಿಗೆ ಆತಂಕವನ್ನೇ ತರುತ್ತಿತ್ತು, ಆದರೆ ಕೆರೆಯ ದಂಡೆಯಲ್ಲಿ ಕುಳಿತು ಮಿಂಚುಳ್ಳಿ ಕಂಡರೆ ಅದರ ಹೆಸರು ಹೇಳುತ್ತಾರೆ, ಪಕ್ಕದ ಬೆಂಚಿನವರೊಡನೆ ಮಾತಿಗಿಳಿಯುತ್ತಾರೆ. ಹಿರಿಯರ ಒಂಟಿತನಕ್ಕೆ ಉದ್ಯಾನ ಮಾಡುವ ಉಪಕಾರದಲ್ಲಿ ಅರ್ಧ ಪಾಲು ಅಲ್ಲಿಗೆ ಬರುವ ಜನರದ್ದು ಎಂದು ನನಗೆ ಅನಿಸುತ್ತದೆ. ಲಾಲ್‌ಬಾಗ್ ನಿಮಗೆ ದೂರವಿಲ್ಲದಿದ್ದರೆ ಒಂದು ಬೆಳಿಗ್ಗೆ ಕರೆದೊಯ್ಯಿರಿ. 240 ಎಕರೆಯ ಆ ತೋಟದಲ್ಲಿ ಗಿಡ ಬಲ್ಲವರಿಗೆ ಮಾತನಾಡಲು ವಿಷಯ ಬೇಕಾದಷ್ಟಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಬುಷ್ ಪೆಪ್ಪರ್ ವಿಷಯ ಹೇಳಿದ ಕೂಡಲೇ ಮಾವನವರು ಯಾವ ತಳಿ ಎಂದು ಕೇಳಿದರು. ನನಗೆ ಉಳಿದಿರುವ ಭಯ ಒಂದೇ: ಬಗ್ಗಿ ಕೆಲಸ ಮಾಡುವಾಗ ಬಿದ್ದರೆ?

ಉತ್ತರ (ನಿವೃತ್ತ ಶುಶ್ರೂಷಕಿ, ಮೈಸೂರು):
ಭಯ ಸಹಜ, ಆದರೆ ಆ ಭಯದಿಂದ ಕುರ್ಚಿಯಲ್ಲೇ ಕೂರಿಸಿದರೆ ಕಾಲಿನ ಸ್ನಾಯುಗಳು ಸೊರಗಿ ಬೀಳುವ ಅಪಾಯವೇ ಹೆಚ್ಚುತ್ತದೆ. ಕುಂಡಗಳನ್ನು ನೆಲದ ಮೇಲೆ ಇಡದೆ ಮೇಜಿನ ಎತ್ತರದ ಗಟ್ಟಿ ಸ್ಟ್ಯಾಂಡಿನ ಮೇಲಿಟ್ಟು, ಎದುರಿಗೆ ಕೈಯಿರುವ ಕುರ್ಚಿ ಹಾಕಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ತಟ್ಟನೆ ಎದ್ದಾಗ ತಲೆಸುತ್ತು ಬರುವುದುಂಟು. ಎದ್ದು ಒಂದು ನಿಮಿಷ ಕುರ್ಚಿಯ ಕೈ ಹಿಡಿದು ನಿಂತು, ಆಮೇಲೆ ಹೆಜ್ಜೆಯಿಡುವ ಅಭ್ಯಾಸ ಮಾಡಿಸಿ. ಬಾಲ್ಕನಿಯ ಟೈಲ್ಸ್ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳಿ, ಹಿಂಬದಿ ಪಟ್ಟಿಯಿರುವ ಚಪ್ಪಲಿ ಕೊಡಿಸಿ. ವಯಸ್ಸಾದವರಿಗೆ ಬಾಯಾರಿಕೆ ಬೇಗ ತಿಳಿಯುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಕುಡಿಯುವ ನೀರಿನ ಚೊಂಬು ಅವರ ಕೈಗೆ ಸಿಗುವಲ್ಲಿಯೇ ಇರಲಿ.