ಕುಂಟು ಯಾವ ಕಾಲಿಗೆ? ಕಲಬುರಗಿ ಪ್ರಾಣಿಪ್ರಿಯರ ಗುಂಪಿನಲ್ಲಿ ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪಶುವೈದ್ಯರು: ಬೀದಿಯಿಂದ ಮನೆಗೆ ಬಂದ ನಾಯಿ, ಬೆಕ್ಕಿನ ಬಗ್ಗೆ ಕೇಳಿ. ಬಿಡುವಾದಾಗ ಬರೆಯುತ್ತೇನೆ. ಒಂದೇ ವಿನಂತಿ, ಫಾರ್ವರ್ಡ್ ಬೇಡ.

ಶಹಾಬಜಾರ್ ಅಕ್ಕ: ನಮಸ್ಕಾರ ಡಾಕ್ಟ್ರೇ. ನಮ್ಮ ಮಾಳಿಗೆ ಮೇಲೆ ಬೆಕ್ಕು ಮರಿ ಹಾಕಿದೆ. ತಾಯಿ ಕಾಣುತ್ತಿಲ್ಲ. ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಹಸುವಿನ ಹಾಲು ಹಾಕಬಹುದಾ?

ಪಶುವೈದ್ಯರು: ಬೇಡ, ಭೇದಿ ಹಿಡಿಯುತ್ತದೆ. ಮೊದಲು ದೂರ ನಿಂತು ಕಾಯಿರಿ, ತಾಯಿ ಹೊಟ್ಟೆಪಾಡಿಗೆ ಹೋಗಿರಬಹುದು. ಬಿಸಿಲಿದ್ದರೆ ಮರಿಗಳನ್ನು ನೆರಳಿಗೆ ಸರಿಸಿ, ಅಷ್ಟೇ. ಬರದೇ ಹೋದರೆ ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಕುಡಿಸಿದ ಮೇಲೆ ಪ್ರತಿ ಸಲ ಬೆಚ್ಚಗಿನ ಒದ್ದೆ ಹತ್ತಿಯಲ್ಲಿ ಹಿಂಭಾಗ ಸವರಬೇಕು. ಆಗಲೇ ಅವು ಉಚ್ಚೆ ಹೊಯ್ಯುವುದು. ತಾಯಿ ನೆಕ್ಕಿ ನೆಕ್ಕಿ ಮಾಡಿಸುವ ಕೆಲಸ ಅದು.

ಶಹಾಬಜಾರ್ ಅಕ್ಕ: ಆ ಕೆಲಸ ನಮ್ಮ ಯಜಮಾನ್ರಿಗೆ ಒಪ್ಪಿಸುತ್ತೇನೆ.

ಗಂಜ್ ಅಣ್ಣ: ಸರ್, ಬೆಕ್ಕಿನ ಮರಿಗೆ ಹಾಲು ಹಾಕಬಹುದಾ?

ಪಶುವೈದ್ಯರು: ಮೇಲೆ ನೋಡಿ.

ಜೇವರ್ಗಿ ರಸ್ತೆ ಮಾಸ್ತರ್: ಡಾಕ್ಟ್ರೇ, ಬೇಸಿಗೆ ಶುರುವಾದಾಗಿಂದ ಒಂದು ಕಂದು ನಾಯಿ ನಮ್ಮ ಗೇಟಿಗೆ ಬರುತ್ತಿದೆ. ಮುಂದಿನ ಬಲಗಾಲು ಎತ್ತಿ ಕುಂಟುತ್ತದೆ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಜೋಳದ ರೊಟ್ಟಿಗೆ ತುಪ್ಪ ಸವರಿ ಹಾಕುತ್ತೇನೆ. ರಾಜಾ ಅಂತ ಹೆಸರಿಟ್ಟಿದ್ದೇವೆ. ಕಾಲಿಗೆ ಏನು ಹಚ್ಚಲಿ?

ಮೂಲೆ ಮನೆ ಅಕ್ಕ: ಮಾಸ್ತರ್ರೇ, ಅದರ ಕಿವಿ ತುದಿ ಕತ್ತರಿಸಿದೆಯಾ? ಹಾಗಾದ್ರೆ ಅದು ನಮ್ಮ ಮೋತಿ! ನಮ್ಮ ಮನೆ ಮುಂದೆ ಎಡಗಾಲು ಎತ್ತುತ್ತೆ.

ಬಾಡಿಗೆ ರೂಮಿನ ಹುಡುಗ: ಅಕ್ಕಾ, ಅದು ಟೈಗರ್. ರಾತ್ರಿ ಊಟ ನಮ್ಮಲ್ಲೇ. ಕುಂಟೋದೇ ಇಲ್ಲ. ಮೊನ್ನೆ ಹಂದಿಯನ್ನ ರಿಂಗ್ ರೋಡ್ ತನಕ ಅಟ್ಟಿಸಿಕೊಂಡು ಹೋಗಿತ್ತು.

ಪಶುವೈದ್ಯರು: ನಗಬೇಡಿ, ಇದು ಸ್ವಾರಸ್ಯದ ಕೇಸು. ಒಂದು, ಬರೀ ನಾಟಕ ಇರಬಹುದು. ಯಾವತ್ತೋ ಜಾಲಿ ಮುಳ್ಳು ಚುಚ್ಚಿದಾಗ ಯಾರೋ ಅಯ್ಯೋ ಪಾಪ ಅಂತ ರೊಟ್ಟಿ ಹಾಕಿರುತ್ತಾರೆ. ಮುಳ್ಳು ಹೋದರೂ ಪಾಠ ಉಳಿಯುತ್ತದೆ, ಕಾಲೆತ್ತಿದರೆ ರೊಟ್ಟಿ. ನಾಯಿಗಳು ಹೀಗೆ ಕಲಿಯುವುದು ನಿಜ.

ನನಗೆ ಚಿಂತೆ ಇನ್ನೊಂದರದ್ದು. ಉಣ್ಣೆ ಕಚ್ಚಿ ಬರುವ ಜ್ವರದಲ್ಲೂ ಕುಂಟು ಕಾಲು ಬದಲಿಸುತ್ತದೆ. ಎರ್ಲಿಕಿಯಾ ಅನ್ನುವ ಸೂಕ್ಷ್ಮಜೀವಿ ರಕ್ತ ಸೇರಿ, ಕೀಲು ಬಾತು, ಇವತ್ತು ಈ ಕಾಲು, ನಾಳೆ ಆ ಕಾಲು. ಹಾಗಾಗಿ ಅದರ ಜೊತೆ ಸಲಿಗೆ ಇರುವವರು ಮಾತ್ರ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬಿಳಚಿಕೊಂಡಿದ್ದರೆ, ಮೂಗಲ್ಲಿ ರಕ್ತ ಬಂದರೆ ತಡ ಮಾಡಬೇಡಿ. ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, ನಮ್ಮ ಲೆಕ್ಕ ಹಾಕಿ ಗಾಬರಿಯಾಗಬೇಡಿ. ಆಮೇಲೆ ಅದಕ್ಕೆ ಗೊತ್ತಾಗದ ಹಾಗೆ ಕಿಟಕಿಯಿಂದ ಒಂದು ವಿಡಿಯೋ ತೆಗೆಯಿರಿ.

ಕಿವಿ ಕತ್ತರಿಸಿದ್ದು ಬಹುಶಃ ಸಂತಾನಹರಣದ ಗುರುತು.

ಆಳಂದ ನಾಕಾ ಕಾಕಾ: *ಫಾರ್ವರ್ಡ್ ಆಗಿದೆ* ಉಣ್ಣೆ, ಕಜ್ಜಿಗೆ ಹಳೆ ಎಂಜಿನ್ ಆಯಿಲ್ ಸವರಿ, ಮೂರೇ ದಿನದಲ್ಲಿ ಮಾಯ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಖಾರಪುಡಿ. ಹತ್ತು ಗುಂಪಿಗೆ ಕಳಿಸಿ.

ಪಶುವೈದ್ಯರು: ಇದನ್ನು ಈಗಲೇ ಅಳಿಸಿ. ಆಯಿಲ್ ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ಕಚ್ಚಿದರೂ ಪರಚಿದರೂ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ. ಖಾರಪುಡಿ ಅಡುಗೆಮನೆಯಲ್ಲಿರಲಿ. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಆಮೇಲೆ ಔಷಧ ಇಲ್ಲ.

ಆಳಂದ ನಾಕಾ ಕಾಕಾ: ನಮ್ಮ ಮುತ್ತಜ್ಜನ ಕಾಲದಿಂದ ಎಲ್ಲರೂ ಇದನ್ನೇ ಮಾಡಿದ್ದು.

ಪಶುವೈದ್ಯರು: ಮುತ್ತಜ್ಜನ ಎತ್ತಿನ ಗಾಡಿಗೆ ಎಂಜಿನ್ ಎಲ್ಲಿತ್ತು ಕಾಕಾ?

ಸೂಪರ್ ಮಾರ್ಕೆಟ್ ತಮ್ಮ: ಸರ್, ಒಂದು ಕೋತಿ ದಿನಾ ಬಂದು ಟ್ಯಾಂಕಿನ ಮುಚ್ಚಳ ತೆಗೆದು ಸ್ನಾನ ಮಾಡುತ್ತೆ. ಏನು ಮಾಡೋದು?

ಮೂಲೆ ಮನೆ ಅಕ್ಕ: ನಾನು ಸಂಜೆ ಹಾಕಿದ ಅನ್ನ ಮೋತಿ ಸುಮ್ನೆ ಮೂಸಿ ಹೋಗುತ್ತಿತ್ತು. ಯಾಕೆ ಅಂತ ಈಗ ಗೊತ್ತಾಯ್ತು.

ಬಾಡಿಗೆ ರೂಮಿನ ಹುಡುಗ: ನಮ್ಮಲ್ಲಿ ಮಟನ್ ಎಲುಬು ಅಕ್ಕಾ.

ಜೇವರ್ಗಿ ರಸ್ತೆ ಮಾಸ್ತರ್: ಸಾಧ್ಯವೇ ಇಲ್ಲ. ರಾಜಾ ನಮ್ಮ ಲಿಂಗಪೂಜೆ ಮುಗಿಯುವ ತನಕ ಹೊಸ್ತಿಲಾಚೆ ಕದಲದೆ ಕೂರುತ್ತಾನೆ.

ಬಾಡಿಗೆ ರೂಮಿನ ಹುಡುಗ: ಕೂತು, ಆಮೇಲೆ ನಮ್ಮಲ್ಲಿಗೆ ಬರ್ತಾನೆ ಸರ್.

ಮೂಲೆ ಮನೆ ಅಕ್ಕ: ಬಾಡಿಗೆಗೆ ಇರೋರು ಓಣಿ ನಾಯಿನ ಕೆಡಿಸಬೇಡಿ.

ಬಾಡಿಗೆ ರೂಮಿನ ಹುಡುಗ: ಬಾಡಿಗೆ ಕೊಡೋದು ನಾನು, ನೀವಲ್ಲ.

ಪಶುವೈದ್ಯರು: ಬೇಯಿಸಿದ ಎಲುಬು ಯಾರೂ ಹಾಕಬೇಡಿ, ಸೀಳಿ ಕರುಳಿಗೆ ಚುಚ್ಚುತ್ತದೆ. ಉಳಿದ ಜಗಳ ಓಣಿಯಲ್ಲಿ ಆಡಿಕೊಳ್ಳಿ.

ಗಂಜ್ ಅಣ್ಣ: ಹಾಲಿಗೆ ನೀರು ಬೆರೆಸಿ ಹಾಕಿದರೆ?

ಪಶುವೈದ್ಯರು: ಇಲ್ಲ.

ಬಾಡಿಗೆ ರೂಮಿನ ಹುಡುಗ: ವಿಡಿಯೋ ಹಾಕಿದ್ದೇನೆ, ನೋಡಿ. ಶಹಾಬಾದ್ ಕಲ್ಲಿನ ಕಟ್ಟೆಯಿಂದ ಜಿಗಿದು ನಾಲ್ಕೂ ಕಾಲಲ್ಲಿ ಓಡುತ್ತೆ. ಮಾಸ್ತರ್ ಗೇಟು ಕಿರ್ ಅಂದ ತಕ್ಷಣ ಬಲಗಾಲು ಮೇಲೆ. ರೊಟ್ಟಿ ಬಾಯಿಗೆ ಬಂತು, ಕಾಲು ಕೆಳಗೆ.

ಪಶುವೈದ್ಯರು: ಮೂರು ಸಲ ನೋಡಿದೆ. ಕಾಲಿಗೆ ಏನೂ ಆಗಿಲ್ಲ ಅನಿಸುತ್ತದೆ. ಆದರೂ ರಕ್ತ ಪರೀಕ್ಷೆ, ಜಂತಿನ ಮಾತ್ರೆ, ರೇಬೀಸ್ ಲಸಿಕೆ ಆಗಲಿ. ಬೆಳಗ್ಗೆ 8ರೊಳಗೆ ತನ್ನಿ, ಬಿಸಿಲೇರಿದ ಮೇಲೆ ಬೇಡ.

ಜೇವರ್ಗಿ ರಸ್ತೆ ಮಾಸ್ತರ್: ತರುತ್ತೇನೆ. ಲಸಿಕೆ ಕಾರ್ಡಿನಲ್ಲಿ ರಾಜಾ ಅಂತಲೇ ಬರೆಯಬೇಕು.

ಮೂಲೆ ಮನೆ ಅಕ್ಕ: ಅರ್ಧ ಖರ್ಚು ನಾನು ಕೊಡುತ್ತೇನೆ. ಹೆಸರು ಮೋತಿ.

ಬಾಡಿಗೆ ರೂಮಿನ ಹುಡುಗ: ಬರೆಸಿಕೊಳ್ಳಿ. ಆದರೆ ನನ್ನ ಸ್ಕೂಟಿ ಬಿಟ್ಟು ಬೇರೆ ಯಾವ ಗಾಡಿನೂ ಅದು ಹತ್ತಲ್ಲ.