ಎರೆ ಹೊಲದ ಬದುವಿಗೆ ಆಸ್ಟ್ರೇಲಿಯಾದ ಮರುಭೂಮಿ ಹುಲ್ಲು ಬರುತ್ತದೆಯೇ?

ಜೇವರ್ಗಿ ರೈತ: ನಮ್ಮದು ಅಪ್ಪಟ ಎರೆ ಭೂಮಿ. ತೊಗರಿ ರಾಶಿ ಮುಗಿದ ಮೇಲೆ ಬದುವಿನಲ್ಲಿ ಹಸಿರೆಂದರೆ ಜಾಲಿ ಒಂದೇ. ಏಪ್ರಿಲ್ ಬಂತೆಂದರೆ ದನಕ್ಕೆ ಜೋಳದ ಕಣಿಕೆ ಕೊಳ್ಳಬೇಕು. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಉಂಗುರದ ಆಕಾರದಲ್ಲಿ ಬೆಳೆಯುವ ಸ್ಪಿನಿಫೆಕ್ಸ್ ಹುಲ್ಲಿನ ವಿಡಿಯೊ ನೋಡಿದೆ. ಅದರ ಬೀಜ ತರಿಸಬಹುದೇ?

ನಿವೃತ್ತ ಮಾಸ್ತರ, ಕಲಬುರಗಿ: ಹುಲ್ಲು ಬದುಕುವುದು ಬೇರೆ, ದನದ ಹೊಟ್ಟೆ ತುಂಬಿಸುವುದು ಬೇರೆ. ಸ್ಪಿನಿಫೆಕ್ಸ್ ಎಲೆ ಸುರುಳಿ ಸುತ್ತಿಕೊಂಡಿರುತ್ತದೆ, ತುದಿ ಸಿಲಿಕಾ ತುಂಬಿದ ಮುಳ್ಳು. ಕಾಲಿಗೆ ಚುಚ್ಚಿದರೆ ಮುರಿದು ಚರ್ಮದೊಳಗೇ ಉಳಿಯುತ್ತದೆ. ಕೆಲವು ಜಾತಿಗಳಲ್ಲಿ ರಾಳವಿರುವುದರಿಂದ ಹಸಿಯಿದ್ದರೂ ಧಗಧಗ ಉರಿಯುತ್ತದೆ. ಅಲ್ಲಿನ ಮೂಲನಿವಾಸಿಗಳು ಆ ರಾಳವನ್ನು ಕಾಯಿಸಿ ಕಲ್ಲಿನ ಅಲಗನ್ನು ಹಿಡಿಕೆಗೆ ಅಂಟಿಸುತ್ತಿದ್ದರು. ಗೆದ್ದಲಿಗೆ ಹಬ್ಬ, ದನಕ್ಕೆ ಉಪವಾಸ. ಅಂದಹಾಗೆ ಆ ಉಂಗುರ, ಗಿಡ ಹೊರಕ್ಕೆ ಹರಡುತ್ತ ನಡುಭಾಗ ಸತ್ತದ್ದರಿಂದ ಆಗುವುದು.

ನೀವು ಕೇಳಬೇಕಿದ್ದುದು ಮಿಚೆಲ್ ಹುಲ್ಲಿನ ಬಗ್ಗೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ, ಬಾರ್ಕ್ಲಿ ಪ್ರಸ್ಥಭೂಮಿಯಲ್ಲಿ ನಮ್ಮ ಎರೆಯಂತೆಯೇ ಬಿರುಕು ಬಿಡುವ ಜೇಡಿ ನೆಲವಿದೆ. ಅಲ್ಲಿ ಅದರದೇ ರಾಜ್ಯ. ಬರಗಾಲದಲ್ಲಿ ಒಣಗಿ ಸತ್ತೇ ಹೋಯಿತೆನ್ನಿಸುತ್ತದೆ. ಮಳೆ ಬಿದ್ದರೆ ಬುಡದಿಂದಷ್ಟೇ ಅಲ್ಲ, ಹಳೆಯ ಕಾಂಡದ ಗಿಣ್ಣುಗಳಿಂದಲೂ ಚಿಗುರುತ್ತದೆ. ಒಣಗಿದ್ದನ್ನೂ ದನ ಮೇಯುತ್ತವೆ.

ಆದರೂ ತರಿಸಬೇಡಿ. ಪರವಾನಗಿ ಇಲ್ಲದೆ ಹೊರದೇಶದ ಬೀಜ ತರುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊರಗಿನಿಂದ ಬಂದು ಎಲ್ಲೆಡೆ ಹಬ್ಬಿದ ಬಳ್ಳಾರಿ ಜಾಲಿಯ ಪಾಠ ನಮ್ಮ ಕಣ್ಣೆದುರೇ ಇದೆ. ನಮ್ಮ ದೇಶದಲ್ಲಿ ಒಳ್ಳೆಯ ಮೇವೆನ್ನಿಸಿಕೊಂಡ ಅಂಜನ್ ಹುಲ್ಲು ಅಲ್ಲಿಗೆ ಹೋಗಿ ಮರುಭೂಮಿಯ ಗಿಡಗಳನ್ನೇ ಮೂಲೆಗೆ ತಳ್ಳಿತು. ದಕ್ಷಿಣ ಆಸ್ಟ್ರೇಲಿಯಾ ಅದನ್ನು ಕಳೆಯೆಂದು ಘೋಷಿಸಿದೆ. ನಿಮ್ಮ ಎರೆಗೆ ಹೊಂದುವ ಮೇವು ಯಾವುದೆಂದು ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದಲ್ಲಿ ಕೇಳಿ.

ಸುರಪುರದವನು: ಮಾಸ್ತರರೇ, ಕಾಲುವೆ ನೀರು ಬಂದ ಮೇಲೆ ನಮ್ಮ ಹೊಲದ ತಗ್ಗು ಭಾಗ ಉಪ್ಪೇರಿ ಸವಳಾಗಿದೆ. ಉಪ್ಪು ನೆಲದಲ್ಲೂ ಬೆಳೆಯುವ ಸಾಲ್ಟ್‌ಬುಷ್ ಪೊದೆ ಹಾಕಿ ಕುರಿ ಮೇಯಿಸಬಹುದೇ?

ನಿವೃತ್ತ ಮಾಸ್ತರ, ಕಲಬುರಗಿ: ಅದರ ಎಲೆ ಬೂದಿ ಬಳಿದಂತೆ ಕಾಣುತ್ತದಲ್ಲ, ಅದು ಮೇಲ್ಮೈಯ ಪುಟ್ಟ ಪುಟ್ಟ ಗುಳ್ಳೆಗಳಿಂದ. ಗಿಡ ಹೆಚ್ಚುವರಿ ಉಪ್ಪನ್ನು ಅವುಗಳಲ್ಲೇ ತುಂಬಿಡುತ್ತದೆ. ಕುರಿ ತಿನ್ನುತ್ತವೆ, ಆದರೆ ಉಪ್ಪು ತಿಂದವರು ನೀರು ಕುಡಿಯಲೇಬೇಕು. ದೊಡ್ಡಿಯಲ್ಲಿ ಸಿಹಿನೀರು ಧಾರಾಳವಾಗಿರಲಿ, ಜೊತೆಗೆ ಒಣ ಮೇವನ್ನೂ ಹಾಕಬೇಕು. ನಿಮ್ಮ ನೆಲದಲ್ಲಿ ಬರೀ ಸವಳೋ, ನೀರು ನಿಲ್ಲುವ ಜವಳೂ ಇದೆಯೋ? ನೀರು ನಿಂತರೆ ಆ ಗಿಡ ತಾಳುವುದಿಲ್ಲ. ಮೊದಲು ಬಸಿಗಾಲುವೆ ತೋಡಿಸಿ.