ಅಪ್‌ಡೇಟ್: ಮೈಸೂರಿನ ನಮ್ಮ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಕೂತಿತು

ತಿಂಗಳಿಗೆ ಸುಮಾರು 400 ಯೂನಿಟ್ ಉರಿಯುತ್ತೆ, 2.05 ಲಕ್ಷದ ಕೊಟೇಶನ್ ಬಂದಿದೆ, ಹಾಕಿಸಲಾ ಬೇಡ್ವಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ನೀವೆಲ್ಲ ಸಲಹೆ ಕೊಟ್ಟಿದ್ರಿ. ಹಾಕಿಸಿದೆವು. ಮನೆ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡೋ ಪಿಎಂ ಸೂರ್ಯಘರ್ ಸಬ್ಸಿಡಿ 78,000 ಖಾತೆಗೆ ಬಂತು. ಅಂದ್ರೆ ಕೈಯಿಂದ ಹೋಗಿದ್ದು 1.27 ಲಕ್ಷ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು "ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಾರಸಿ ಮೇಲೆ ನಿಂತು ನೆರಳು ನೋಡಿ" ಅನ್ನೋ ಸಲಹೆ. ನಾಲ್ಕು ಗಂಟೆಗೆ ನೀರಿನ ಟ್ಯಾಂಕಿನ ನೆರಳು ಸರಿಯಾಗಿ ಎರಡು ಪ್ಯಾನೆಲ್ ಬರಬೇಕಿದ್ದ ಜಾಗಕ್ಕೇ ಬೀಳ್ತಿತ್ತು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳಾದರೂ ಉಳಿದವುಗಳ ಉತ್ಪಾದನೆಗೂ ಪೆಟ್ಟು. ಸ್ಟ್ಯಾಂಡ್ ಎತ್ತರಿಸಿ ಪೂರ್ವಕ್ಕೆ ಸರಿಸಿದೆವು. ಸರ್ವೆಗೆ ಬಂದವರು ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ ನೋಡಿ!

ಬ್ಯಾಟರಿ ಹಾಕಿಸಿ ಅಂದಿದ್ರಿ. ಖರ್ಚು ಜಾಸ್ತಿ, ಕೈಬಿಟ್ಟೆ. ಅಗ್ಗದ ವಿದೇಶಿ ಪ್ಯಾನೆಲ್ ಐಡಿಯಾನೂ ನಡೀಲಿಲ್ಲ. ಸಬ್ಸಿಡಿ ಬೇಕಂದ್ರೆ ಒಳಗಿನ ಸೋಲಾರ್ ಸೆಲ್ ಸಮೇತ ಭಾರತದಲ್ಲೇ ತಯಾರಾದ ಪ್ಯಾನೆಲ್ ಬೇಕು.

ಗೊತ್ತೇ ಇಲ್ಲದ ವಿಷಯ ಒಂದಿತ್ತು. ಕರೆಂಟ್ ಹೋದ್ರೆ ಸೋಲಾರ್ ಕೂಡ ನಿಲ್ಲುತ್ತೆ, ಸುಡು ಬಿಸಿಲಿದ್ರೂ! ಕಂಬದಲ್ಲಿ ಕೆಲಸ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ ಸೋಲಾರ್ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನ ಮನೆಗೆ ಬಳಸೋ ಕರೆಂಟಾಗಿ ಬದಲಿಸೋ ಪೆಟ್ಟಿಗೆ) ತಾನೇ ಆಫ್ ಆಗುತ್ತಂತೆ. ಹಳೇ ಯುಪಿಎಸ್ ಮಾರದೇ ಇಟ್ಟುಕೊಂಡಿದ್ದು ಒಳ್ಳೇದಾಯ್ತು.

ಬಿಲ್ 3,000ದಿಂದ 700ರ ಆಸುಪಾಸಿಗೆ ಇಳಿದಿದೆ. ಸೊನ್ನೆ ಆಗಲ್ಲ, ನಿಗದಿತ ಶುಲ್ಕ ಕಟ್ಟಲೇಬೇಕು. ಮಳೆಗಾಲದಲ್ಲಿ ಉತ್ಪಾದನೆ ಕಮ್ಮಿ ಅಂತ ಹಿಡಿದರೂ ಐದು ವರ್ಷದೊಳಗೆ ಹಾಕಿದ ದುಡ್ಡು ವಾಪಸ್ ಬರಬಹುದು. ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರ್ತಿರೋರಿಗೆ ಈ ಲೆಕ್ಕ ಹೊಂದಲ್ಲ, ಸುಮ್ನೆ ದುಡ್ಡು ಹಾಕಬೇಡಿ.